ಕುದುರೆ ಇಲ್ಲದಿದ್ದರೂ ಕುದುರೆ ಕ್ಲಬ್ ಸೇರುವುದು ಹೇಗೆ?

ಸಿಯಾಟಲ್ ಸುತ್ತಮುತ್ತ ನೆಲೆಸಿದ ಕನ್ನಡಿಗರಲ್ಲಿ ಬಹಳ ಜನ ಬೆಲ್‌ವ್ಯೂ, ಕರ್ಕ್‌ಲ್ಯಾಂಡ್, ರೆಡ್ಮಂಡ್ ಕಡೆ ಮನೆ ಮಾಡಿದ್ದಾರೆ. ಈ ಊರುಗಳ ನಡುವೆಯೇ ಸುಮಾರು 480 ಎಕರೆಯ ಒಂದು ಕಾಡಿದೆ. ಹೆಸರು ಬ್ರೈಡಲ್ ಟ್ರೇಲ್ಸ್ ಸ್ಟೇಟ್ ಪಾರ್ಕ್. ಒಳಗೆ 28 ಮೈಲಿ, ಅಂದರೆ ಸುಮಾರು 45 ಕಿಲೋಮೀಟರ್ ದಾರಿ ಇದೆ. ಬ್ರೈಡಲ್ ಅಂದರೆ ಲಗಾಮು. ಕುದುರೆ ಸವಾರರು ಇಷ್ಟಪಟ್ಟು ಉಳಿಸಿಕೊಂಡು ಬಂದ ಕಾಡು ಅದು.

ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಸುಮ್ನೆ ನಡೆದಾಡಲು. ಪಾರ್ಕಿಂಗ್ ಜಾಗದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕುದುರೆ ಲದ್ದಿ ಬಳಿಯುತ್ತಿದ್ದರು. ಆ ದಿನ ಅವರು ತಮ್ಮ ಕುದುರೆಯನ್ನು ತಂದೇ ಇರಲಿಲ್ಲ. ಬೇರೆಯವರ ಕುದುರೆ ಹಾಕಿದ ಲದ್ದಿ ಅದು. ಅವರ ಕುದುರೆ ಸವಾರರ ಕ್ಲಬ್ ಸೇರಲು ಸ್ವಂತ ಕುದುರೆ ಬೇಕಾ ಅಂತ ಕೇಳಿದೆ. ಬೇಡ, ಮುಂದಿನ ಶನಿವಾರ ಒಂದು ಜೊತೆ ಕೈಗವಸು ತಂದರೆ ಸಾಕು ಅಂದರು. ಮೈಸೂರು ದಸರಾದಲ್ಲಿ ಅಶ್ವಾರೋಹಿ ಪೊಲೀಸರ ಕುದುರೆಗಳನ್ನು ಹಗ್ಗದ ಈಚೆ ನಿಂತು ನೋಡಿ ಬೆಳೆದವನು ನಾನು. ಹತ್ತಿರ ಹೋಗಬಹುದು ಅನ್ನುವುದೇ ಹಬ್ಬದಂತಿತ್ತು.

ಇಂಥ ಕ್ಲಬ್ ಸೇರಿ ಏನು ಮಾಡಬೇಕು, ಎಲ್ಲಿಂದ ಶುರು ಮಾಡಬೇಕು ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕ್ಲಬ್ಬಿನ ಕೆಲಸದ ದಿನ ಹುಡುಕಿ

ಅಮೆರಿಕದಲ್ಲಿ ಇಂಥ ಸಂಘಗಳು ಹಳೆಯವು. ಬೆಲ್‌ವ್ಯೂ ಕಡೆಯ ಲೇಕ್ ವಾಷಿಂಗ್ಟನ್ ಸ್ಯಾಡಲ್ ಕ್ಲಬ್ 1945ರಿಂದ ಇದೆ. ದೇಶದುದ್ದಕ್ಕೂ ಶಾಖೆಗಳಿರುವ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘಟನೆ 1973ರಲ್ಲಿ ಮೊಂಟಾನಾದ ಫ್ಲ್ಯಾಟ್‌ಹೆಡ್ ಕಣಿವೆಯಲ್ಲಿ ಹುಟ್ಟಿತು. ಸರ್ಕಾರಿ ಕಾಡುಗಳಲ್ಲಿ ಕುದುರೆ ದಾರಿಗಳು ಮುಚ್ಚಿಹೋಗಬಾರದು ಅನ್ನುವುದು ಅವರ ಕಾಳಜಿ. ದಾರಿ ಉಳಿಯಬೇಕಾದರೆ ಅದನ್ನು ಯಾರಾದರೂ ನೋಡಿಕೊಳ್ಳಬೇಕು ಅಲ್ವಾ? ಆ ಕೆಲಸವನ್ನು ಸವಾರರೇ ವಹಿಸಿಕೊಂಡರು.

ಆದ್ದರಿಂದ ಸವಾರಿಯ ದಿನಕ್ಕಿಂತ ಕೆಲಸದ ದಿನವೇ ಹೊಸಬರಿಗೆ ಸರಿಯಾದ ಬಾಗಿಲು. ನಿಮ್ಮ ಊರಿನ ಕ್ಲಬ್ಬಿನ ಕ್ಯಾಲೆಂಡರಿನಲ್ಲಿ ‘ವರ್ಕ್ ಪಾರ್ಟಿ’ ಅಂತ ಎಲ್ಲಿದೆ ನೋಡಿ, ಮುಂಚೆಯೇ ಫೋನ್ ಮಾಡಿ, ಹೋಗಿ. ಸದಸ್ಯತ್ವದ ಹಣ ಆಮೇಲೆ ಕಟ್ಟಿದರಾಯಿತು. ಎರಡು ಮೂರು ಶನಿವಾರ ಜೊತೆಗೆ ಬೆವರು ಸುರಿಸಿದ ಮೇಲೆ ಯಾರೋ ಒಬ್ಬರು ತಮ್ಮ ಕುದುರೆಯ ಹಗ್ಗವನ್ನು ನಿಮ್ಮ ಕೈಗೆ ಕೊಡುತ್ತಾರೆ. ನನಗೆ ಆರನೆಯ ಶನಿವಾರ ಸಿಕ್ಕಿತು.

ಕುದುರೆ ಪಕ್ಕ ನಿಲ್ಲುವುದನ್ನು ಕಲಿಯಿರಿ

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಅದಕ್ಕೇ ಎಡಭುಜದ ಕಡೆಯಿಂದ, ಮಾತಾಡುತ್ತಾ ಹತ್ತಿರ ಹೋಗಿ. ಯಾವ ಭಾಷೆ ಅನ್ನುವುದು ಮುಖ್ಯವಲ್ಲ. ನಾನು ಇವತ್ತಿಗೂ ‘ಬಾರಮ್ಮ, ನಿಲ್ಲಮ್ಮ’ ಅನ್ನುತ್ತೇನೆ, ಬಿಸ್ಕೆಟ್ ಅನ್ನುವ ಕಂದು ಬಣ್ಣದ ಹೆಣ್ಣು ಕುದುರೆ ಕಿವಿ ತಿರುಗಿಸಿ ಕೇಳಿಸಿಕೊಳ್ಳುತ್ತದೆ. ಕಿವಿ ಮುಂದೆ ಇದ್ದರೆ ಕುತೂಹಲ. ಹಿಂದಕ್ಕೆ ತಲೆಗೆ ಅಂಟಿಕೊಂಡಿದ್ದರೆ ದೂರ ಸರಿಯಿರಿ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಿಕ್ಕ ಹಗ್ಗವನ್ನು ಸೀರೆ ನೆರಿಗೆಯ ಹಾಗೆ ಮಡಚಿ, ಮಡಿಕೆಯ ನಡುವನ್ನು ಹಿಡಿಯಿರಿ. ಒಂದು ಸಲ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಹಾರಿ ಬಂದಾಗ ನಾನು ಹಿಡಿದಿದ್ದ ಕುದುರೆ ಬೆಚ್ಚಿ ಹಿಂದಕ್ಕೆ ಜಿಗಿಯಿತು. ಹಗ್ಗ ಅಂಗೈಯಲ್ಲಿ ಜಾರಿ ಚರ್ಮ ಕಿತ್ತುಬಂತು. ಸುತ್ತಿಕೊಂಡಿದ್ದರೆ ಬೆರಳೇ ಹೋಗುತ್ತಿತ್ತು.

ಮುಂದಿನ ಪಾಠ ಗೊರಸು ಎತ್ತುವುದು. ಕುದುರೆಯ ಪಕ್ಕ, ಅದರ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಭುಜದಿಂದ ಕೈಯನ್ನು ನಿಧಾನವಾಗಿ ಕಾಲಿನ ಕೆಳಗಿನವರೆಗೆ ಸವರಿಕೊಂಡು ಹೋಗಿ. ಪಾಠವಾದ ಕುದುರೆ ತಾನೇ ಕಾಲು ಕೊಡುತ್ತದೆ. ಲಾಳದ ಒಳಗೆ ಸಿಕ್ಕಿದ ಮಣ್ಣು, ಕಲ್ಲುಗಳನ್ನು ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆದು ತೆಗೆಯಬೇಕು. ನಡುವಿನ ತ್ರಿಕೋನದಂಥ ಭಾಗ ರಬ್ಬರಿನ ಹಾಗೆ ಮೆತ್ತಗಿರುತ್ತದೆ, ಅಲ್ಲಿ ಕೊಕ್ಕೆ ಚುಚ್ಚಬಾರದು. ಕಡಲೆಕಾಳಿನಷ್ಟು ಕಲ್ಲು ಅಲ್ಲಿ ಕೂತಿದ್ದರೂ ಸಾಕು, ಎರಡು ಮೈಲಿ ನಡೆಯುವಷ್ಟರಲ್ಲಿ ಕುದುರೆ ಕುಂಟುತ್ತದೆ.

ತಿನ್ನಲು ಏನನ್ನೂ ನೀವಾಗಿ ಕೊಡಬೇಡಿ. ನಮ್ಮ ಕಡೆ ಕುದುರೆಗೆ ಹುರುಳಿ ಹಾಕುವುದು ರೂಢಿ, ಇಂಗ್ಲಿಷಿನವರು ಹುರುಳಿಗೆ ಹಾರ್ಸ್ ಗ್ರಾಂ ಎಂದೇ ಹೆಸರಿಟ್ಟರು. ಇಲ್ಲಿನ ಕುದುರೆಗಳ ಊಟ ಹೆಚ್ಚಾಗಿ ಒಣಹುಲ್ಲು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಗೆ ಆಗದ್ದು ಹೋದರೆ ಜೀವಕ್ಕೇ ಅಪಾಯ. ಒಂದು ಚೂರು ಕ್ಯಾರೆಟ್ ಕೊಡುವ ಮುಂಚೆಯೂ ಕುದುರೆಯ ಯಜಮಾನರನ್ನು ಕೇಳಿ.

ತೊಡುವುದೇನು

ಸ್ವಲ್ಪ ಹಿಮ್ಮಡಿ ಎತ್ತರವಿರುವ ಬೂಟು ಬೇಕು, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ, ಅಂದರೆ ಸವಾರ ಕಾಲಿಡುವ ಬಳೆಯೊಳಗೆ, ತೂರಿ ಸಿಕ್ಕಿಕೊಳ್ಳುತ್ತದೆ. ಸವಾರಿಗೆಂದೇ ಮಾಡಿದ ಹೆಲ್ಮೆಟ್ ಬೇಕು, ಸೈಕಲ್ಲಿನದು ಆಗದು. ಉದ್ದ ಪ್ಯಾಂಟು, ಕೈಗವಸು, ಮಳೆ ಅಂಗಿ. ಮೊದಲ ವರ್ಷ ಇದಕ್ಕಿಂತ ಜಾಸ್ತಿ ಏನೂ ಕೊಳ್ಳಬೇಡಿ.

ಕೆಲಸದ ದಿನ ಹೀಗಿರುತ್ತದೆ

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ದಾರಿ ಶುರುವಾಗುವ ಜಾಗದಲ್ಲಿ ಸೇರುತ್ತಾರೆ. ಮೊದಲು ಒಂದು ಹಾಳೆಗೆ ಸಹಿ. ರಾಷ್ಟ್ರೀಯ ಅರಣ್ಯಗಳಲ್ಲಿ ಇದನ್ನು ಮರೆಯಲೇಬಾರದು. 1972ರ ಒಂದು ಕಾನೂನಿನಂತೆ, ಒಪ್ಪಂದಕ್ಕೆ ಸಹಿ ಹಾಕಿದ ಸ್ವಯಂಸೇವಕರಿಗೆ ಕೆಲಸದಲ್ಲಿ ಪೆಟ್ಟಾದರೆ ಸರ್ಕಾರಿ ನೌಕರರಂತೆಯೇ ಪರಿಹಾರ ಸಿಗುತ್ತದೆ. ಆಮೇಲೆ ಹತ್ತು ನಿಮಿಷ ಸುರಕ್ಷತೆಯ ಮಾತು: ಹತ್ತಿರದ ಆಸ್ಪತ್ರೆ ಎಲ್ಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಹತ್ತಿರ, ಯಾರಿಗೆ ಜೇನುಹುಳು ಕಡಿದರೆ ಅಲರ್ಜಿ.

ಕಾಲ್ನಡಿಗೆಯವರಿಗೆ ಸಾಕಾಗುವ ದಾರಿ ಕುದುರೆಗೆ ಸಾಲದು. ಸವಾರ ಕೂತ ಮೇಲೆ ತಲೆ ಎಲ್ಲಿಗೆ ಬರುತ್ತದೆ ಯೋಚಿಸಿ. ಹತ್ತು ಅಡಿ ಎತ್ತರ, ಎಂಟು ಅಡಿ ಅಗಲದವರೆಗೆ ಕೊಂಬೆ, ಮುಳ್ಳು, ಬಳ್ಳಿ ಇಲ್ಲದ ಹಾಗೆ ಸವರಬೇಕು. ಹೊಸಬರಿಗೆ ಉದ್ದ ಹಿಡಿಯ ಕತ್ತರಿ ಕೊಟ್ಟು ಈ ಕೆಲಸಕ್ಕೇ ಹಚ್ಚುತ್ತಾರೆ. ಕೊಂಬೆಯನ್ನು ಬುಡಕ್ಕೇ ಕತ್ತರಿಸಿ. ಅರ್ಧ ಬಿಟ್ಟರೆ ಅದೇ ಈಟಿಯಾಗಿ ಕುದುರೆಯ ಹೊಟ್ಟೆಗೆ ಚುಚ್ಚುತ್ತದೆ.

ದಾರಿಯ ದೊಡ್ಡ ಶತ್ರು ನೀರು. ಸುಮಾರು 450 ಕಿಲೋ ತೂಕದ ಪ್ರಾಣಿ ಕೆಸರಿನಲ್ಲಿ ನಡೆದರೆ ಒಂದೊಂದು ಹೆಜ್ಜೆಯೂ ಒಂದು ಗುಂಡಿ. ಆದ್ದರಿಂದ ದಾರಿಗೆ ಓರೆಯಾಗಿ ತಗ್ಗು ತೋಡಿ ನೀರನ್ನು ಇಳಿಜಾರಿನ ಕಡೆ ಹೊರಳಿಸುತ್ತೇವೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸಿ ಗೊತ್ತಿರುವ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೀರಿಗೆ ಎಲ್ಲಿ ಹೋಗಲು ಮನಸ್ಸಿದೆ ಅಂತ ನೋಡಿ, ಅಲ್ಲಿಗೇ ದಾರಿ ಮಾಡಿಕೊಡಿ. ಇದಕ್ಕೆ ಬಳಸುವುದು ಪುಲಾಸ್ಕಿ ಅನ್ನುವ ಹತಾರ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. 1910ರ ದೊಡ್ಡ ಕಾಡ್ಗಿಚ್ಚಿನಲ್ಲಿ ಐಡಹೊದ ಒಂದು ಗಣಿ ಸುರಂಗಕ್ಕೆ ತನ್ನ ತಂಡವನ್ನು ನುಗ್ಗಿಸಿ ಬಹುಪಾಲು ಜನರ ಜೀವ ಉಳಿಸಿದ ರೇಂಜರ್ ಎಡ್ ಪುಲಾಸ್ಕಿ ಹೆಸರೇ ಅದಕ್ಕೆ ಬಂದಿದೆ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಬಿದ್ದ ಮರ ಕೊಯ್ಯುವುದು. ಚಳಿಗಾಲದ ಬಿರುಗಾಳಿಗೆ ಇಲ್ಲಿ ನೂರಾರು ಮರ ದಾರಿಗೆ ಅಡ್ಡ ಬೀಳುತ್ತವೆ. ಸಿಯಾಟಲ್‌ನ ಪೂರ್ವಕ್ಕಿರುವ ಆಲ್ಪೈನ್ ಲೇಕ್ಸ್ ಕಾಡನ್ನು 1976ರಲ್ಲಿ ‘ವಿಲ್ಡರ್‌ನೆಸ್’, ಅಂದರೆ ಪ್ರಕೃತಿಗೇ ಬಿಟ್ಟ ಕಾಡು, ಎಂದು ಘೋಷಿಸಿದರು. 1964ರ ಕಾನೂನಿನಂತೆ ಇಂಥ ಕಾಡುಗಳಲ್ಲಿ ಮೋಟಾರು ಯಂತ್ರ ಬಳಸುವ ಹಾಗಿಲ್ಲ. ಚೈನ್ ಸಾ ಇಲ್ಲ, ಸೈಕಲ್ ಕೂಡ ಇಲ್ಲ. ಉಳಿದದ್ದು ಇಬ್ಬರು ಹಿಡಿಯುವ ಉದ್ದ ಗರಗಸ, ಅದನ್ನು ಹೊತ್ತು ತರಲು ಹೇಸರಗತ್ತೆ.

ಗರಗಸದ ಮೊದಲ ಪಾಠ: ಎಳೆಯಿರಿ, ನೂಕಬೇಡಿ. ನಿಮ್ಮ ಕಡೆ ಎಳೆದು ಕೈ ಸಡಿಲ ಬಿಡಿ, ಆಚೆಯವರು ಎಳೆದುಕೊಳ್ಳುತ್ತಾರೆ. ನೂಕಿದರೆ ಅಲಗು ಬಾಗಿ ಸಿಕ್ಕಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಇಬ್ಬರ ಉಸಿರೂ ಒಂದೇ ತಾಳಕ್ಕೆ ಬರುತ್ತದೆ. ಚೆನ್ನಾಗಿ ಹರಿತ ಮಾಡಿದ ಗರಗಸವಾದರೆ ಹೊರಗೆ ಬೀಳುವುದು ಪುಡಿಯಲ್ಲ, ಶ್ಯಾವಿಗೆಯಂಥ ಉದ್ದುದ್ದ ಎಳೆ. ಹಸಿ ಮರದ ವಾಸನೆ ಮೂಗಿಗೆ ಹತ್ತುತ್ತದೆ. ಸುತ್ತ ಗರಗಸದ ಸದ್ದು ಬಿಟ್ಟರೆ ಕುದುರೆ ಹುಲ್ಲು ಅಗಿಯುವ ಸದ್ದು ಮಾತ್ರ.

ಆದರೆ ಮೊದಲ ದಿನವೇ ಇದಕ್ಕೆ ಕೈ ಹಾಕಲು ಬಿಡುವುದಿಲ್ಲ, ಬಿಡಲೂಬಾರದು. ಇಳಿಜಾರಿನಲ್ಲಿ ಬಿದ್ದ ಮರ ಬಿಲ್ಲಿನ ಹಾಗೆ ಬಿಗಿದಿರುತ್ತದೆ, ತಪ್ಪು ಕಡೆ ಕೊಯ್ದರೆ ಸಿಡಿಯುತ್ತದೆ ಇಲ್ಲವೇ ಉರುಳುತ್ತದೆ. ಅರಣ್ಯ ಇಲಾಖೆಯ ತರಬೇತಿ, ಪ್ರಥಮ ಚಿಕಿತ್ಸೆಯ ಪಾಠ ಎರಡೂ ಮುಗಿದು ಪ್ರಮಾಣಪತ್ರ ಬರಬೇಕು. ಕಲಿಯುವವರು ಪ್ರಮಾಣಪತ್ರ ಇರುವವರ ಕಣ್ಣೆದುರಿಗೇ ಕೊಯ್ಯಬೇಕು.

ಹೇಸರಗತ್ತೆಗೆ ಹೇರು ಕಟ್ಟುವುದು ಇನ್ನೊಂದು ವಿದ್ಯೆ. ಒಂದು ಪ್ರಾಣಿಗೆ ಸಾಮಾನ್ಯವಾಗಿ 150 ಪೌಂಡ್, ಅಂದರೆ ಸುಮಾರು 68 ಕಿಲೋ. ಎಡಬಲದ ಪೆಟ್ಟಿಗೆಗಳನ್ನು ತಕ್ಕಡಿಗೆ ನೇತುಹಾಕಿ ತೂಗಿ ಸಮ ಮಾಡುತ್ತಾರೆ. ಒಂದು ಕಡೆ ಭಾರ ಹೆಚ್ಚಾದರೆ ದಾರಿಯುದ್ದಕ್ಕೂ ಬೆನ್ನು ಉಜ್ಜಿ ಹುಣ್ಣಾಗುತ್ತದೆ. ಮೂಕ ಪ್ರಾಣಿ, ಬಾಯಿ ಬಿಟ್ಟು ಹೇಳುವುದಿಲ್ಲ.

ಸವಾರಿಯ ದಿನ

ನಿಮಗೆ ಕುದುರೆ ಕೊಡುವವರು ನಿಮ್ಮ ತೂಕ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕುದುರೆಯ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಿಸಬಾರದು ಅನ್ನುವುದು ರೂಢಿಯ ಲೆಕ್ಕ, ಅದರಲ್ಲಿ ಜೀನಿನ ತೂಕವೂ ಸೇರಿದೆ.

ಜೀನು ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ. ಸ್ವಲ್ಪ ನಡೆಸಿ ಮತ್ತೆ ಬಿಗಿಯಿರಿ, ಹತ್ತುವ ಮುಂಚೆ ಇನ್ನೊಮ್ಮೆ, ಕಾಲು ಗಂಟೆ ಸವಾರಿ ಆದ ಮೇಲೆ ಮತ್ತೊಮ್ಮೆ ನೋಡಿ. ಮುಂದಿನ ಕುದುರೆಗೂ ನಿಮ್ಮದಕ್ಕೂ ನಡುವೆ ಕನಿಷ್ಠ ಒಂದು ಕುದುರೆಯಷ್ಟು ಜಾಗ ಇರಲಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುವ ಕುದುರೆ. ಹಸಿರು ಕಟ್ಟಿದ್ದರೆ ಇನ್ನೂ ಪಳಗದ್ದು. ಒಬ್ಬರು ಇಳಿದು ಹತ್ತುವವರೆಗೂ ಉಳಿದವರೆಲ್ಲ ನಿಲ್ಲಬೇಕು. ಒಂದೇ ಒಂದು ಕುದುರೆ ಹಿಂದೆ ಉಳಿದರೆ ಅದಕ್ಕೆ ಗಾಬರಿ, ಗುಂಪಿನ ಪ್ರಾಣಿ ಅದು.

ನಡೆದು ಹೋಗುವಾಗ ಎದುರಿಗೆ ಕುದುರೆ ಬಂದರೆ ಇಳಿಜಾರಿನ ಕೆಳಬದಿಗೆ ಸರಿದು ನಿಲ್ಲಿ, ಜೋರಾಗಿ ‘ಹಲೋ’ ಅನ್ನಿ. ಬೆನ್ನಿಗೆ ದೊಡ್ಡ ಚೀಲ ಹೊತ್ತ ಮನುಷ್ಯ ಕುದುರೆಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದಿಲ್ಲ. ದನಿ ಕೇಳಿದರೆ ಸಮಾಧಾನವಾಗುತ್ತದೆ.

ಊಟಕ್ಕೆ ನಿಂತಾಗ ಕುದುರೆಯನ್ನು ಮರದ ಕಾಂಡಕ್ಕೆ ಕಟ್ಟಿ ಗಂಟೆಗಟ್ಟಲೆ ಬಿಡಬೇಡಿ, ಗೊರಸಿನಿಂದ ಕೆರೆದು ಬೇರು ಹೊರಗೆ ಹಾಕುತ್ತದೆ. ಎರಡು ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ನಡುವೆ ಎತ್ತರಕ್ಕೆ ಹಗ್ಗ ಬಿಗಿದು ಅದಕ್ಕೆ ಕಟ್ಟುವುದು ಇಲ್ಲಿನ ಕ್ರಮ. ಹುಲ್ಲನ್ನೂ ಮನೆಯಿಂದ ಸುಮ್ನೆ ತರುವ ಹಾಗಿಲ್ಲ. ಕಳೆ ಬೀಜ ಇಲ್ಲ ಎಂದು ಪರೀಕ್ಷೆಯಾದ ಹುಲ್ಲನ್ನೇ ರಾಷ್ಟ್ರೀಯ ಅರಣ್ಯಕ್ಕೆ ತರಬೇಕು. ಕೆಲವು ಬೀಜಗಳು ಕುದುರೆಯ ಹೊಟ್ಟೆಯಲ್ಲೂ ಸಾಯುವುದಿಲ್ಲ, ಲದ್ದಿಯ ಜೊತೆ ಬಿದ್ದು ಕಾಡಿನಲ್ಲಿ ಮೊಳೆಯುತ್ತವೆ.

ಸವಾರಿ ಬೇಡ ಅನ್ನುವವರಿಗೆ

ಊರಿಂದ ಬಂದ ಅಪ್ಪ ಅಮ್ಮ, ಸೊಂಟ ನೋವಿನವರು, ಕುದುರೆ ಕಂಡರೆ ಭಯಪಡುವವರು ಎಲ್ಲರಿಗೂ ಇಲ್ಲಿ ಜಾಗವಿದೆ. ಹೆಸರು ಬರೆದುಕೊಳ್ಳುವುದು, ನಕ್ಷೆ ಹಂಚುವುದು, ಗೇಟು ಕಾಯುವುದು, ಕೆಲಸ ಮುಗಿಸಿ ಬಂದವರಿಗೆ ಊಟ ಬಡಿಸುವುದು. ನನ್ನ ಅಮ್ಮ ಒಂದು ಬೇಸಿಗೆ ಇಲ್ಲಿದ್ದಾಗ ಕೆಲಸದ ದಿನಕ್ಕೆ ಚಿತ್ರಾನ್ನ ಮಾಡಿ ಕೊಟ್ಟರು. ದೊಡ್ಡ ಪಾತ್ರೆ ಹದಿನೈದು ನಿಮಿಷದಲ್ಲಿ ಖಾಲಿ. ಅಂದು ಲದ್ದಿ ಬಳಿಯುತ್ತಿದ್ದ ಆ ಅಜ್ಜಿಯೇ ಅಮ್ಮನನ್ನು ಬಿಸ್ಕೆಟ್ ಹತ್ತಿರ ಕರೆದುಕೊಂಡು ಹೋಗಿ, ಕೈ ಹಿಡಿದು ಅದರ ಕುತ್ತಿಗೆ ಸವರಿಸಿದರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅರ್ಧ ಗಂಟೆ ಇಬ್ಬರೂ ಅಲ್ಲೇ ನಿಂತಿದ್ದರು.

ಹೊರಡುವ ಮುಂಚೆ

ಕುದುರೆ ತಂದ ಟ್ರೇಲರ್ ನಿಂತ ಜಾಗ ಗುಡಿಸಿ. ಉದುರಿದ ಹುಲ್ಲು, ಲದ್ದಿ ಎಲ್ಲವನ್ನೂ ಬಳಿದು ಮನೆಗೆ ಒಯ್ಯಿರಿ. ಹತಾರಗಳನ್ನು ಎಣಿಸಿ ಒಳಗಿಡಿ, ಗರಗಸದ ಅಲಗಿಗೆ ಎಣ್ಣೆ ಸವರಿ. ಬೆಳಿಗ್ಗೆ ಸಹಿ ಹಾಕಿದ ಹಾಳೆಯಲ್ಲೇ ನೀವು ಎಷ್ಟು ಗಂಟೆ ಕೆಲಸ ಮಾಡಿದಿರಿ ಅಂತ ಬರೆಯಿರಿ, ಕಾರಿನಲ್ಲಿ ಬಂದು ಹೋದ ಹೊತ್ತನ್ನೂ ಬರೆಯಬೇಕಾ ಅಂತ ಕೇಳಿ. ಸಂಕೋಚಪಟ್ಟು ಕಡಿಮೆ ಬರೆಯಬೇಡಿ. ದಾರಿ ದುರಸ್ತಿಗೆ ಅನುದಾನ ಕೇಳುವಾಗ ನಮ್ಮ ಪಾಲಿನ ಹಣದ ಬದಲು ಈ ಗಂಟೆಗಳನ್ನೇ ತೋರಿಸಲು ಎಷ್ಟೋ ಕಡೆ ಅವಕಾಶವಿದೆ. ನೀವು ಬರೆದ ಆರು ಗಂಟೆ ಮುಂದಿನ ವರ್ಷ ಒಂದು ಸೇತುವೆಯ ಹಲಗೆಯಾಗಬಹುದು.