ಗಾಡಿ ಗೇರ್ ಕೇಳುತ್ತದೆ: ಆಗುಂಬೆ ಘಾಟಿ ನನಗೆ ಕಲಿಸಿದ ಪಾಠ

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಒಂದು ಎಡ ತಿರುವಿನ ನಟ್ಟನಡುವೆ ನನ್ನ ಆಲ್ಟೊ ನಿಂತುಹೋಯಿತು. ಹಿಂದೆ ಒಂದು ಮಿನಿ ಬಸ್ಸು. ಎದುರಿನಿಂದ ಇಳಿಯುತ್ತಿದ್ದ ಜೀಪು. ಹಿಂದಿನ ಸೀಟಿನಲ್ಲಿ ಅಮ್ಮ, ನನ್ನ ಮಗಳು, ಎರಡು ಮೂಟೆ ತೆಂಗಿನಕಾಯಿ. ಬ್ರೇಕ್ ತುಳಿದ ಕಾಲು ನಡುಗುತ್ತಿತ್ತು. ಹ್ಯಾಂಡ್ ಬ್ರೇಕ್ ಎಳೆದೆ, ಸ್ಟಾರ್ಟ್ ಮಾಡಿದೆ, ಫಸ್ಟ್ ಹಾಕಿದೆ, ಹಾಫ್ ಕ್ಲಚ್‌ನಲ್ಲಿ ಹೇಗೋ ಮೇಲೆ ಬಂದೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಆಗುಂಬೆ ಪೇಟೆ ಮುಟ್ಟುವವರೆಗೂ ಕಾರಿನೊಳಗೆ ಇತ್ತು.

ನನ್ನ ತವರು ಹೆಬ್ರಿ. ಕೆಲಸ ಶಿವಮೊಗ್ಗದಲ್ಲಿ. ಸೆಕೆಂಡ್ ಹ್ಯಾಂಡ್ ಆಲ್ಟೊ 800 ಕೊಂಡಿದ್ದೇ ತಿಂಗಳಿಗೊಮ್ಮೆ ಅಮ್ಮನ ಹತ್ತಿರ ಹೋಗಿಬರಲಿಕ್ಕೆ. ತೀರ್ಥಹಳ್ಳಿಯವರೆಗೆ ಚಿಂತೆಯಿಲ್ಲ. ಆಗುಂಬೆ ದಾಟಿದ ಮೇಲೆ 14 ಹೇರ್‌ಪಿನ್ ತಿರುವುಗಳು. ಆ 14 ತಿರುವುಗಳಿಗೆ ನನ್ನ ಬಳಿ ಇದ್ದದ್ದು ಡ್ರೈವಿಂಗ್ ಕಲಿಸಿದವರು ಬಾಯಿಪಾಠ ಮಾಡಿಸಿದ ಒಂದು ಲೆಕ್ಕ ಮಾತ್ರ. ಗಾಡಿ ಉರುಳಿದ ಕೂಡಲೇ ಸೆಕೆಂಡ್, 20 ದಾಟಿದರೆ ಥರ್ಡ್, 40ಕ್ಕೆ ಫೋರ್ತ್, 60ಕ್ಕೆ ಟಾಪ್.

ಈ ಲೆಕ್ಕ ಸುಳ್ಳಲ್ಲ. ಶಿವಮೊಗ್ಗದ ಸಪಾಟು ರಸ್ತೆಯಲ್ಲಿ, ಒಬ್ಬಳೇ ಇದ್ದಾಗ, ಅದು ಚೆನ್ನಾಗಿಯೇ ನಡೆಯಿತು. ಆದರೆ ಆ ದಿನ ತಿರುವಿಗೆ ಮುಂಚಿನ ನೇರ ರಸ್ತೆಯಲ್ಲಿ ಮೀಟರ್ 30 ತೋರಿಸುತ್ತಿತ್ತು. ಲೆಕ್ಕದ ಪ್ರಕಾರ ಥರ್ಡ್ ಸರಿ. ತಿರುವಿಗೆ ಬಂದಾಗ ವೇಗ ಇಳಿಯಿತು. ಎಷ್ಟಕ್ಕೆ ಇಳಿಯಿತು ಅಂತ ಮೀಟರ್ ನೋಡಲು ಆಗಲೇ ಇಲ್ಲ. ಅಂಥ ಜಾಗದಲ್ಲಿ ಕಣ್ಣು ರಸ್ತೆಯ ಮೇಲೆ ಇರಬೇಕು ಅಲ್ವಾ? ಥರ್ಡ್‌ನಲ್ಲೇ ತಿರುಗಿಸಿದೆ. ಇಂಜಿನ್ ಗುಡುಗುಡು ಎಂದು ನಡುಗಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು.

ಮುಂದಿನ ಸಲ ಹೆಬ್ರಿಗೆ ಹೋದಾಗ ಸೋದರಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು 30 ವರ್ಷ ಬಸ್ಸು ಓಡಿಸಿದವರು. ಮಾರನೆಯ ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೂತರು. ಹೆಬ್ರಿಯಿಂದ ಸೋಮೇಶ್ವರದ ಕಡೆಗೆ, ಇನ್ನೂ ಘಾಟಿ ಶುರುವಾಗದ ರಸ್ತೆ. ಎಸಿ ಆರಿಸಿದರು, ರೇಡಿಯೊ ಆರಿಸಿದರು, ನಾಲ್ಕೂ ಗಾಜು ಇಳಿಸಿದರು. ಆಮೇಲೆ ಹೆಗಲ ಮೇಲಿನ ಬೈರಾಸು ತೆಗೆದು ಮೀಟರ್ ಮೇಲೆ ಹೊದಿಸಿಬಿಟ್ಟರು.

"ಗಾಡಿ ಗೇರ್ ಕೇಳ್ತದೆ ಮಾರಾಯ್ತಿ. ಕೇಳಿದಾಗ ಕೊಡ್ಬೇಕು, ಅಷ್ಟೆ."

ಈ ಮಾತನ್ನು ಮೊದಲೂ ಕೇಳಿದ್ದೆ. ಡ್ರೈವರುಗಳು ಎಲ್ಲರೂ ಹೇಳುತ್ತಾರೆ. ಆದರೆ ಗಾಡಿ ಹೇಗೆ ಕೇಳುತ್ತದೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಬೆಳಿಗ್ಗೆ ಅವರು ಬೇಕೆಂದೇ ನನ್ನಿಂದ ತಪ್ಪು ಮಾಡಿಸಿದರು. ನಿಧಾನಕ್ಕೆ ಹೋಗುವಾಗ ಫೋರ್ತ್ ಹಾಕಿಸಿ ಆಕ್ಸಿಲರೇಟರ್ ಒತ್ತಲು ಹೇಳಿದರು. ಇಂಜಿನ್ ಮುಕ್ಕರಿಯಿತು. ದಪ್ಪ ದನಿ, ಗೇರ್ ಲಿವರ್‌ನಲ್ಲಿ ನಡುಕ, ಕಾಲು ಒತ್ತಿದರೂ ಗಾಡಿ ಮುಂದೆ ಹೋಗದು. "ಇದು ಕೆಳಗಿನ ಗೇರ್ ಕೇಳುವ ದನಿ." ಆಮೇಲೆ ಸೆಕೆಂಡ್‌ನಲ್ಲೇ ಜೋರಾಗಿ ಓಡಿಸಲು ಹೇಳಿದರು. ಇಂಜಿನ್ ಅರಚಿತು. ಸಣ್ಣ ದನಿ, ಕಾಲು ಬಿಟ್ಟರೆ ಯಾರೋ ಹಿಂದಿನಿಂದ ಎಳೆದಂತೆ. "ಇದು ಮೇಲಿನ ಗೇರ್ ಕೇಳುವ ದನಿ." ಇವೆರಡರ ನಡುವೆ ಇಂಜಿನ್ ಒಂದೇ ಸಮನೆ ಗುನುಗುವ ಒಂದು ಜಾಗ ಇದೆ. ಅಲ್ಲಿ ಕಾಲು ಸ್ವಲ್ಪ ಒತ್ತಿದರೂ ಗಾಡಿ ತಕ್ಷಣ ಎಳೆಯುತ್ತದೆ. ಆ ಜಾಗದಲ್ಲಿ ಇಂಜಿನ್ನನ್ನು ಇಟ್ಟುಕೊಳ್ಳುವುದಕ್ಕೇ ಗೇರುಗಳು ಇರುವುದು.

ಇದರ ಹಿಂದಿನ ಕಾರಣ ನನಗೆ ಆಮೇಲೆ ಗೊತ್ತಾಯಿತು. ಆಲ್ಟೊ 800ರದ್ದು 796 ಸಿಸಿ, ಮೂರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಅದರ ಗರಿಷ್ಠ ಎಳೆತ, ಅಂದರೆ ಟಾರ್ಕ್, 69 ನ್ಯೂಟನ್ ಮೀಟರ್. ಅದು ಸಿಗುವುದು ಇಂಜಿನ್ ನಿಮಿಷಕ್ಕೆ 3500 ಸುತ್ತು ತಿರುಗುವಾಗ. ನಾನು ಥರ್ಡ್‌ನಲ್ಲಿ ತಿರುವಿಗೆ ಹೋದಾಗ ಇಂಜಿನ್ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಅಷ್ಟು ಕಡಿಮೆ ಸುತ್ತಿನಲ್ಲಿ ಅದಕ್ಕೆ ಶಕ್ತಿಯೇ ಇರುವುದಿಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಲ್ಲದ ಶಕ್ತಿ ಎಲ್ಲಿಂದ ಬರಬೇಕು? ಅಕ್ಕಿ ಮೂಟೆ ಹೊತ್ತು ಮೆಟ್ಟಿಲು ಹತ್ತುವವರು ಎರಡೆರಡು ಮೆಟ್ಟಿಲು ಹಾರುವುದಿಲ್ಲ. ಸಣ್ಣ ಹೆಜ್ಜೆ, ಬೇಗ ಬೇಗ. ಫಸ್ಟ್, ಸೆಕೆಂಡ್ ಗೇರ್ ಮಾಡುವುದೂ ಅದನ್ನೇ.

ನನ್ನ ಕಾರಿನಲ್ಲಿ ಆರ್‌ಪಿಎಂ ಮೀಟರ್, ಅಂದರೆ ಇಂಜಿನ್ನಿನ ಸುತ್ತು ತೋರಿಸುವ ಮೀಟರ್, ಇಲ್ಲ. ಮೊದಲು ಅದು ದೊಡ್ಡ ಕೊರತೆ ಅನ್ನಿಸಿತ್ತು. ಈಗ ಅದರಿಂದಲೇ ಕಿವಿ ಪಳಗಿತು ಅಂತ ನಂಬಿದ್ದೇನೆ.

ಒಂದು ಭಯ ಹೋಗಲು ಮಾತ್ರ ತುಂಬಾ ದಿನ ಹಿಡಿಯಿತು. ಶಬ್ದ ಜಾಸ್ತಿಯಾದರೆ ಇಂಜಿನ್ ಹಾಳಾಗುತ್ತದೆ ಎಂಬ ಭಯ. ಹಾಗಾಗಿ ಏರಿನಲ್ಲೂ ಸ್ವಲ್ಪ ದನಿ ಏರಿದ ಕೂಡಲೇ ಮೇಲಿನ ಗೇರ್ ಹಾಕಿಬಿಡುತ್ತಿದ್ದೆ. ಹಾಕಿದ ಕ್ಷಣವೇ ಗಾಡಿ ಸೋಲುತ್ತಿತ್ತು, ಮತ್ತೆ ಕೆಳಗಿನ ಗೇರ್. ಹೊಸದಾಗಿ ಕಲಿಯುವವರಲ್ಲಿ ಇದನ್ನು ನಾನು ಬಹಳ ನೋಡಿದ್ದೇನೆ. ಏರಿನಲ್ಲಿ ಸೆಕೆಂಡ್ ಗೇರ್ ಸದ್ದು ಮಾಡುತ್ತದೆ, ಮಾಡಲಿ. ಇಂಜಿನ್ ಅಷ್ಟು ಸುತ್ತು ತಿರುಗಲೆಂದೇ ಮಾಡಿದ್ದು. ಕಡಿಮೆ ಸುತ್ತಿನಲ್ಲಿ ಮುಕ್ಕರಿಯುವಾಗ ಮೇಲಿಂದ ಮೇಲೆ ಆಕ್ಸಿಲರೇಟರ್ ಒತ್ತುವುದೇ ಅದಕ್ಕೆ ಹೆಚ್ಚು ಹಿಂಸೆ.

ಸಪಾಟು ರಸ್ತೆಯಲ್ಲಿ ಈಗಲೂ ಹೆಚ್ಚುಕಡಿಮೆ ಆ ಹಳೇ ಲೆಕ್ಕದ ಹತ್ತಿರವೇ ಗೇರ್ ಬದಲಿಸುತ್ತೇನೆ. ನಾಲ್ಕು ಜನ ಕೂತು ಎಸಿ ಹಾಕಿದ್ದರೆ ಪ್ರತಿ ಗೇರಿನಲ್ಲೂ ಐದಾರು ಕಿಲೋಮೀಟರ್ ವೇಗ ಜಾಸ್ತಿ ಬರುವವರೆಗೆ ಕಾಯುತ್ತೇನೆ. ಮೇಲಿನ ಗೇರ್ ಹಾಕಿದ ಮೇಲೆ ಕಾಲು ಸ್ವಲ್ಪ ಒತ್ತಿ ನೋಡುತ್ತೇನೆ. ಎಳೆದರೆ ಸರಿ. ಎಳೆಯದಿದ್ದರೆ ಅವಸರ ಮಾಡಿದ್ದೇನೆ ಅಂತ ಅರ್ಥ.

ಇನ್ನು ಘಾಟಿ ಹತ್ತುವ ವಿಷಯ. ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಗೇರ್ ಬದಲಿಸುವ ಕೆಲಸ ತಿರುವಿಗೆ ಮುಂಚೆಯೇ ಮುಗಿಯಬೇಕು. ತಿರುವಿನೊಳಗೆ ಎರಡೂ ಕೈ ಸ್ಟೀರಿಂಗ್ ಮೇಲೆ ಇರಬೇಕು. ಕ್ಲಚ್ ತುಳಿದಷ್ಟು ಹೊತ್ತು ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಕಡಿದಾದ ಏರಿನಲ್ಲಿ ಆ ಒಂದು ಕ್ಷಣದಲ್ಲೇ ಗಾಡಿಯ ಓಟ ಪೂರ್ತಿ ಸತ್ತುಹೋಗುತ್ತದೆ. ಹಾಗಾಗಿ ನೇರ ರಸ್ತೆ ಇನ್ನೂ ಇರುವಾಗಲೇ ವೇಗ ಇಳಿಸಿ, ಸೆಕೆಂಡ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಆಮೇಲೆ ತಿರುಗಿಸುತ್ತೇನೆ.

ಎಲ್ಲ ತಿರುವುಗಳೂ ಒಂದೇ ಅಲ್ಲ. ಇದನ್ನು ಮಾವ ಹೇಳುವವರೆಗೆ ನಾನು ಗಮನಿಸಿಯೇ ಇರಲಿಲ್ಲ. ನಾವು ರಸ್ತೆಯ ಎಡಗಡೆ ಹೋಗುವವರು. ಹತ್ತುವಾಗ ಬಲಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ನಮಗೆ ಹೊರಗಿನ ದಾರಿ ಸಿಗುತ್ತದೆ. ಅದು ಅಗಲ, ಏರೂ ಮೆಲ್ಲಗೆ. ಸೆಕೆಂಡ್ ಸಾಕು. ಎಡಕ್ಕೆ ತಿರುಗುವಾಗ ಒಳಗಿನ ದಾರಿ. ಸುತ್ತು ಚಿಕ್ಕದು. ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಹತ್ತಬೇಕು, ಹಾಗಾಗಿ ಅಲ್ಲೇ ಅತಿ ಕಡಿದು. ನನ್ನ ಗಾಡಿ ನಿಂತದ್ದೂ ಅಂಥ ತಿರುವಿನಲ್ಲೇ. ತುಂಬಿದ ಆಲ್ಟೊಗೆ ಅಲ್ಲಿ ಫಸ್ಟ್ ಬೇಕು. ನಡಿಗೆಯ ವೇಗಕ್ಕೆ ಬಂದ ಮೇಲೆ ಮಾತ್ರ ಫಸ್ಟ್ ಹಾಕುತ್ತೇನೆ, ಅದಕ್ಕಿಂತ ವೇಗದಲ್ಲಿ ಒತ್ತಾಯ ಮಾಡಿದರೆ ಗೇರ್ ಬೀಳುವುದೂ ಇಲ್ಲ. ತಿರುವಿಗೆ ಮುಂಚೆ ಎಸಿ ಆರಿಸುತ್ತೇನೆ. 800 ಸಿಸಿಯ ಇಂಜಿನ್ನಿಗೆ ಅದು ಎಷ್ಟು ಹಗುರ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ.

ಕೆಳಗಿನ ಗೇರ್ ಹಾಕುವಾಗ ಗಾಡಿ ಜಗ್ಗುತ್ತಿತ್ತು. ಅಮ್ಮನ ತಲೆ ಮುಂದಕ್ಕೆ ಬಾಗುತ್ತಿತ್ತು. ಕೆಳಗಿನ ಗೇರಿನಲ್ಲಿ ಅದೇ ವೇಗಕ್ಕೆ ಇಂಜಿನ್ ಜಾಸ್ತಿ ಸುತ್ತು ತಿರುಗಬೇಕು. ಕ್ಲಚ್ ಬಿಟ್ಟಾಗ ಚಕ್ರಗಳು ಇಂಜಿನ್ನನ್ನು ಎಳೆದು ತಿರುಗಿಸುವುದೇ ಆ ಜಗ್ಗಾಟ. ಕ್ಲಚ್ ತುಳಿದಿರುವಾಗಲೇ ಆಕ್ಸಿಲರೇಟರನ್ನು ಒಂದು ಸಲ ಮೆಲ್ಲಗೆ ತಟ್ಟಿದರೆ ಇಂಜಿನ್ ಮೊದಲೇ ಸುತ್ತು ಏರಿಸಿಕೊಂಡಿರುತ್ತದೆ. ಆಗ ಗೇರ್ ಬದಲಾದದ್ದು ಕೂತವರಿಗೆ ತಿಳಿಯುವುದೇ ಇಲ್ಲ. ಇದು ಕೈಗೂಡಲು ನನಗೆ ಐದಾರು ತಿಂಗಳು ಬೇಕಾಯಿತು. ಖಾಲಿ ರಸ್ತೆ ಸಿಕ್ಕಾಗಲೆಲ್ಲ ಸುಮ್ನೆ ಥರ್ಡ್‌ನಿಂದ ಸೆಕೆಂಡ್, ಸೆಕೆಂಡ್‌ನಿಂದ ಥರ್ಡ್ ಮಾಡುತ್ತಿದ್ದೆ.

ಇಳಿಯುವುದು ಸುಲಭ ಅಂದುಕೊಂಡಿದ್ದೆ. ಮೊದಲ ಸಲ ಪೆಟ್ರೋಲ್ ಉಳಿಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಸನ್‌ಸೆಟ್ ಪಾಯಿಂಟಿನಿಂದ ನ್ಯೂಟ್ರಲ್‌ನಲ್ಲೇ ಇಳಿದೆ. ತಿರುವು ಬಂದಲ್ಲೆಲ್ಲ ಬ್ರೇಕ್, ನಡುವೆಯೂ ಬ್ರೇಕ್. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಕೊನೆಯ ತಿರುವುಗಳಲ್ಲಿ ಪೆಡಲ್ ಎಷ್ಟು ಒತ್ತಿದರೂ ಮೊದಲಿನಷ್ಟು ಹಿಡಿಯುತ್ತಿರಲಿಲ್ಲ. ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕೂತಿದ್ದೆ. ಮಗಳು ಜೊತೆಗಿದ್ದಳು. ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ.

ಈ ಪೆಟ್ರೋಲ್ ಉಳಿಸುವ ಮಾತೇ ತಪ್ಪು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್ ಹಾಕಿಕೊಂಡು, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತಾನೇ ಓಡುತ್ತಿರಬೇಕು, ಅದಕ್ಕೆ ಪೆಟ್ರೋಲ್ ಬೇಕು. ಇನ್ನೂ ಕೆಲವರು ಇಂಜಿನ್ನನ್ನೇ ಆಫ್ ಮಾಡಿ ಇಳಿಯುತ್ತಾರೆ. ದಯವಿಟ್ಟು ಮಾಡಬೇಡಿ. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವು ಎರಡು ಮೂರು ಸಲ ತುಳಿಯುವುದರೊಳಗೆ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಿನ ಹಾಗೆ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಅಂತ ಮಾವ ಹೇಳುತ್ತಿದ್ದರು. ಈಗ ಘಾಟಿ ಶುರುವಾಗುವ ಮೊದಲೇ ಸೆಕೆಂಡ್ ಹಾಕುತ್ತೇನೆ. ಇಂಜಿನ್ ತಾನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಬೇಕಾಗುವುದು ತಿರುವಿಗೆ ಮುಂಚೆ ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆಗಾಲದಲ್ಲಿ ಮಂಜೂ ಕವಿದಿರುತ್ತದೆ, ಎಲೆ ಬಿದ್ದು ರಸ್ತೆ ಜಾರುತ್ತದೆ. ಆಗ ಕೆಳಗಿನ ಗೇರ್ ಹಾಕಿ ಕ್ಲಚ್ ಥಟ್ಟನೆ ಬಿಟ್ಟರೆ ಮುಂದಿನ ಚಕ್ರ ಜಾರಬಹುದು. ಹಾಗಾಗಿ ಮಳೆಯಲ್ಲಿ ಕ್ಲಚ್ ಬಿಡುವುದನ್ನು ಇನ್ನೂ ನಿಧಾನ ಮಾಡುತ್ತೇನೆ.

ಓವರ್‌ಟೇಕ್‌ಗೂ ಇದೇ ಕಿವಿ ಬೇಕು. ತೀರ್ಥಹಳ್ಳಿ ದಾರಿಯಲ್ಲಿ, ಮಂಡಗದ್ದೆ ಸುತ್ತಮುತ್ತ, ಲಾರಿ ಹಿಂದೆ 40ರಲ್ಲಿ ಫೋರ್ತ್‌ನಲ್ಲಿ ಹೋಗುತ್ತಿರುತ್ತೇವೆ. ಅದೇ ಗೇರಿನಲ್ಲಿ ಹೊರಗೆ ಬಂದರೆ ಗಾಡಿ ಲಾರಿಯ ಪಕ್ಕದಲ್ಲೇ ತೆವಳುತ್ತದೆ. ಲಾರಿಯ ಹಿಂದೆ ನಾನಿರುವಾಗಲೇ ಥರ್ಡ್ ಹಾಕಿ, ರಸ್ತೆ ಖಾಲಿ ಇದ್ದರೆ ಮಾತ್ರ ಹೊರಗೆ ಬರುತ್ತೇನೆ. ಪೂರ್ತಿ ದಾಟಿ ಎಡಕ್ಕೆ ಬಂದ ಮೇಲೆ ಫೋರ್ತ್. ಪಟ್ಟಣದೊಳಗಿನ ಟ್ರಾಫಿಕ್ಕಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹಂಪ್‌ಗೆ ಸೆಕೆಂಡ್, ನಿಂತು ಹೊರಡಲು ಫಸ್ಟ್, ಸಿಗ್ನಲ್‌ನಲ್ಲಿ ನ್ಯೂಟ್ರಲ್, ಎಡಗಾಲು ಸುಮ್ನೆ ಕ್ಲಚ್ ಮೇಲೆ ಇಡುವುದಿಲ್ಲ.

ಕಳೆದ ವರ್ಷ ತಮ್ಮನ ಹಳೇ ಡೀಸೆಲ್ ಸ್ವಿಫ್ಟ್‌ನಲ್ಲಿ ಇದೇ ಘಾಟಿ ಹತ್ತಿದೆ. ಆಲ್ಟೊದಲ್ಲಿ ಪಳಗಿದ ಕಿವಿ ಅಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಆ 1.3 ಲೀಟರ್ ಡೀಸೆಲ್ ಇಂಜಿನ್ 190 ನ್ಯೂಟನ್ ಮೀಟರ್ ಟಾರ್ಕನ್ನು 2000 ಸುತ್ತಿನಲ್ಲೇ ಕೊಡುತ್ತದೆ. ಅರಚುವವರೆಗೆ ಕಾಯುವುದು ಅಲ್ಲಿ ವ್ಯರ್ಥ. 2500ರ ಒಳಗೇ ಮೇಲಿನ ಗೇರ್ ಹಾಕಿದರೆ ಗಾಡಿ ಆರಾಮವಾಗಿ ಎಳೆದುಕೊಂಡು ಹೋಗುತ್ತದೆ. ಆದರೆ ಸುತ್ತು ಅದಕ್ಕಿಂತ ತುಂಬಾ ಕೆಳಗೆ ಬಿದ್ದರೆ ಟರ್ಬೊ, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಕೊಡುವ ಭಾಗ, ಮಲಗಿಬಿಡುತ್ತದೆ. ಎಡ ತಿರುವಿನಲ್ಲಿ ಸೆಕೆಂಡ್‌ನಲ್ಲಿ ಹೋದೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಒಮ್ಮೆಲೇ ನುಗ್ಗಿತು. ಮುಕ್ಕರಿಯುವ ದನಿಯೂ ಬೇರೆ. ಡೀಸೆಲ್ ಗಡಗಡ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ, ಕಿವಿಗಿಂತ ಮೊದಲು ಲಿವರ್ ಮೇಲಿನ ಕೈಗೆ ತಿಳಿಯುತ್ತದೆ.

ಅದಾದ ಮೇಲೆ ಯಾವ ಹೊಸ ಗಾಡಿ ಹಿಡಿದರೂ ಮೊದಲ ಹತ್ತು ನಿಮಿಷ ಗಾಜು ಇಳಿಸಿ, ಹಾಡು ಆರಿಸಿ, ಸಪಾಟು ರಸ್ತೆಯಲ್ಲಿ ಅದರ ಎರಡೂ ದನಿ ಕೇಳಿಸಿಕೊಳ್ಳುತ್ತೇನೆ. ತಮ್ಮನ ಕಾರಿನಲ್ಲಿ ಎಡ ತಿರುವುಗಳಿಗೆ ಈಗ ಫಸ್ಟನ್ನೇ ಹಾಕುತ್ತೇನೆ.