‘ಕೊಡುಗೆ ನೀಡಿ’ ಅಂದದ್ದಕ್ಕೆ ಗೂಗಲ್ ಪೇ ನಂಬರ್ ಕೇಳಿದರು

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು, ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದುವ ಯುನಿಕೋಡಿಗೆ ತರುವ ಸಣ್ಣ ತಂತ್ರಾಂಶವೊಂದನ್ನು ನಾನು ಬರೆದಿದ್ದೇನೆ. ಕೋಡ್ ಪೂರ್ತಿ ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ತಾಣದಲ್ಲಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದಕ್ಕೊಂದು ವೆಬ್‌ಸೈಟನ್ನೂ ಮಾಡಿ, ಎಲ್ಲವನ್ನೂ ಕನ್ನಡದಲ್ಲೇ ಇಟ್ಟೆನೆಂದು ಬೀಗಿದ್ದೆ. ಮೆನುವಿನಲ್ಲಿ ನಾಲ್ಕು ಗುಂಡಿ: ಬಿಡುಗಡೆಗಳು, ದಸ್ತಾವೇಜು, ಮೂಲ ಸಂಕೇತ, ಕೊಡುಗೆ ನೀಡಿ.

ಮೊದಲ ಇಮೇಲ್ ಬಂದದ್ದು ಕುಂದಾಪುರ ಕಡೆಯ ಒಬ್ಬ ನಿವೃತ್ತ ಮೇಷ್ಟ್ರಿಂದ. ‘ಕೊಡುಗೆ ಎಷ್ಟು ಎಂದು ಬರೆದಿಲ್ಲ. 200 ಸಾಕೋ? ಗೂಗಲ್ ಪೇ ನಂಬರ್ ಕಳಿಸಿ.’

ನಕ್ಕೆ, ಆಮೇಲೆ ನಾಚಿಕೆಯಾಯಿತು. ನಮ್ಮ ಊರಿನ ಬಸ್ ತಂಗುದಾಣದ ಗೋಡೆಯಲ್ಲಿ, ಶಾಲೆಯ ಬೆಂಚಿನಲ್ಲಿ, ದೇವಸ್ಥಾನದ ಫ್ಯಾನಿನ ರೆಕ್ಕೆಯಲ್ಲಿ ಕೂಡ ‘ಕೊಡುಗೆ: ಇಂಥವರು’ ಎಂದಿರುತ್ತದೆ. ಕೊಡುಗೆ ಎಂದರೆ ದುಡ್ಡು, ಇಲ್ಲವೇ ಫ್ಯಾನು. ಕೋಡ್ ತಿದ್ದಿ ಕಳಿಸುವುದಕ್ಕೂ ಅದೇ ಹೆಸರಿಟ್ಟರೆ ಮೇಷ್ಟ್ರು ಬೇರೆ ಎಂತ ತಿಳಿದುಕೊಳ್ಳಬೇಕಿತ್ತು?

ಉಳಿದ ಮೂರು ಗುಂಡಿಗಳ ಬಣ್ಣ ಬಯಲಾದದ್ದು ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿನ ಅಕ್ಕ ಬ್ರಹ್ಮಕಲಶದ ಆಮಂತ್ರಣದಿಂದ ಹಿಡಿದು ಬಯಲಾಟದ ಹ್ಯಾಂಡ್‌ಬಿಲ್‌ವರೆಗೆ ಎಲ್ಲವನ್ನೂ ನುಡಿಯಲ್ಲೇ ಟೈಪ್ ಮಾಡಿದವರು. ಈಗ ಗಿರಾಕಿಗಳು ವಾಟ್ಸಾಪಿಗೆ ಕಳಿಸಲು ಯುನಿಕೋಡ್ ಕೇಳುತ್ತಾರೆ. ಸೈಟ್ ತೆರೆದುಕೊಟ್ಟು, ‘ನಾನು ಮಾತಾಡುವುದಿಲ್ಲ, ನೀವೇ ಮಾಡಿ ನೋಡಿ’ ಎಂದು ಪಕ್ಕದ ಸ್ಟೂಲಿನಲ್ಲಿ ಕೂತೆ. ಬಾಯಿ ಮುಚ್ಚಿ ಕೂರುವುದೇ ಆ ದಿನದ ಅತ್ಯಂತ ಕಷ್ಟದ ಕೆಲಸ.

‘ದಸ್ತಾವೇಜು? ಇದೆಂತ, ಸಬ್ ರಿಜಿಸ್ಟ್ರಾರ್ ಆಫೀಸಿನದ್ದಾ?’ ಎಂದು, ಬಳಸುವ ಕ್ರಮ ಬರೆದಿಟ್ಟಿದ್ದ ಆ ಗುಂಡಿಯನ್ನು ಬಿಟ್ಟರು. ‘ಬಿಡುಗಡೆಗಳು’ ಕಂಡು ಯಾವುದೋ ಪುಸ್ತಕ ಬಿಡುಗಡೆ ಇರಬೇಕೆಂದು ಅದನ್ನೂ ಬಿಟ್ಟರು. ಡೌನ್‌ಲೋಡ್ ಇದ್ದದ್ದು ಅಲ್ಲೇ! ‘ಮೂಲ ಸಂಕೇತ’ ಒತ್ತಿದಾಗ ಗಿಟ್‌ಹಬ್ ತೆರೆಯಿತು. ಅಲ್ಲಿ ಮೊದಲು ಕಾಣುವುದು ಫೈಲುಗಳ ಪಟ್ಟಿ, ನಾನು ಕಷ್ಟಪಟ್ಟು ಬರೆದ ವಿವರಣೆ ಅದರ ಕೆಳಗೆ. ಕಣ್ಣಿಗೆ ಬಿದ್ದ ಹಸಿರು ಗುಂಡಿ ಒತ್ತಿ ಜಿಪ್ ಇಳಿಸಿದರು, ಬಿಚ್ಚಿದರು, ಒಂದು ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರು. ನೋಟ್‌ಪ್ಯಾಡಿನಲ್ಲಿ ನನ್ನ ಕೋಡ್ ಸುರಿಯಿತು.

‘ಮಾರಾಯ್ರೆ, ಇದ್ರಲ್ಲಿ ಕನ್ವರ್ಟ್ ಮಾಡುದು ಎಲ್ಲಿ?’

ಅಲ್ಲಿಗೆ ಸುಮ್ಮನಿರಲಾಗದೆ ‘ಬಿಡುಗಡೆಗಳು’ ತೋರಿಸಿದೆ. ತಂತ್ರಾಂಶದ ಇಎಕ್ಸ್‌ಇ ಫೈಲ್ ಇಳಿಸಿ ತೆರೆದರೆ ವಿಂಡೋಸಿನ ನೀಲಿ ಎಚ್ಚರಿಕೆ ಬಂತು. ಮಾಡಿದವರು ಯಾರೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿ ಇಲ್ಲದ, ಹೆಚ್ಚು ಜನ ಇಳಿಸಿಕೊಳ್ಳದ ತಂತ್ರಾಂಶಕ್ಕೆ ಅದು ಬರುವುದು ಸಹಜ. ದಾಟಿಹೋಗುವ ದಾರಿಯನ್ನು ವಿವರಿಸಬಹುದಿತ್ತು, ಆದರೆ ದಿನವೂ ಗಿರಾಕಿಗಳ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಅಂಗಡಿಯವರಿಗೆ ‘ಎಚ್ಚರಿಕೆ ಬಂದರೂ ಪರವಾಗಿಲ್ಲ, ಒತ್ತಿ’ ಎಂದು ಕಲಿಸಲು ಮನಸ್ಸಾಗಲಿಲ್ಲ. ಸಹಿಯ ಸರ್ಟಿಫಿಕೇಟಿಗೆ ದುಡ್ಡೂ ಇರಲಿಲ್ಲ. ಮನೆಗೆ ಬಂದು ಇಡೀ ಪರಿವರ್ತಕವನ್ನು ಜಾವಾಸ್ಕ್ರಿಪ್ಟಿನಲ್ಲಿ ಮತ್ತೆ ಬರೆದೆ, ಬ್ರೌಸರಿನೊಳಗೇ ನಡೆಯುವಂತೆ.

ಈಗ ಸೈಟಿನ ಮೊದಲ ಪುಟದಲ್ಲೇ ಕೆಲಸ ಆಗುತ್ತದೆ. ಒಂದು ಖಾಲಿ ಚೌಕ, ಕೆಳಗೆ ‘ಕನ್ವರ್ಟ್ ಮಾಡಿ’ ಎಂಬ ಗುಂಡಿ. ನನಗೆ ‘ಪರಿವರ್ತಿಸಿ’ ಎಂದಿಡಲು ಆಸೆಯಿತ್ತು. ‘ಹಾಗೆ ಯಾರು ಹೇಳ್ತಾರೆ?’ ಎಂದರು ಅಕ್ಕ. ಉತ್ತರ ಹೊಳೆಯಲಿಲ್ಲ. ಅವರ ಇನ್ನೊಂದು ಪ್ರಶ್ನೆ: ‘ನನ್ನ ಫೈಲ್ ನಿಮ್ಗೆ ಬರ್ತದಾ?’ ಮುಕ್ತ ತಂತ್ರಾಂಶ ಎಂದರೇನೆಂದು ಎರಡು ಪ್ಯಾರಾ ಬರೆದಿದ್ದೆ, ಅದರಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಎರಡನ್ನೂ ಅಳಿಸಿ, ಚೌಕದ ಕೆಳಗೆ ಹೀಗೆ ಬರೆದೆ: ‘ನಿಮ್ಮ ಫೈಲ್ ನಿಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ. ಸಂಶಯವಿದ್ದರೆ ಈ ಪುಟ ತೆರೆದ ಮೇಲೆ ಇಂಟರ್ನೆಟ್ ಆಫ್ ಮಾಡಿ ಕನ್ವರ್ಟ್ ಮಾಡಿ ನೋಡಿ.’

‘ಕೊಡುಗೆ ನೀಡಿ’ ಹೋಗಿ ‘ತಪ್ಪು ಕಂಡರೆ ತಿಳಿಸಿ’ ಬಂತು. ಮೊದಲು ಅದನ್ನು ಒತ್ತಿದರೆ ಗಿಟ್‌ಹಬ್ ಖಾತೆ ಕೇಳುತ್ತಿತ್ತು. ಈಗ ಮೂರು ಖಾನೆಗಳ ಫಾರ್ಮ್ ಮಾತ್ರ: ಹಾಕಿದ್ದು ಏನು, ಬಂದದ್ದು ಏನು, ಬರಬೇಕಾದದ್ದು ಏನು. ಅದನ್ನು ಗಿಟ್‌ಹಬ್‌ಗೆ ಏರಿಸುವ ಕೆಲಸ ನನ್ನದು.

ಈ ಫಾರ್ಮಿನಿಂದ ಆದ ಉಪಕಾರ ಸಣ್ಣದಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಉಳಿಯುತ್ತವೆ, ಅರ್ಕಾವತ್ತು ಬಲಗಡೆ ಇರುವುದರಿಂದ ಕೊನೆಗೆ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಹಿಂದಕ್ಕೆ ಸರಿಸದಿದ್ದರೆ ಕಾರ್ಯ ‘ಕಾಯರ್’ ಆಗುತ್ತದೆ, ದುರ್ಗಾ ‘ದುಗಾರ್’ ಆಗುತ್ತಾಳೆ. ಅಷ್ಟನ್ನು ನಾನು ಸರಿಮಾಡಿದ್ದೆ. ಆದರೆ ಅಕ್ಷರಕ್ಕೆ ಒತ್ತೂ ಇದ್ದು ಅರ್ಕಾವತ್ತೂ ಇದ್ದರೆ ನನ್ನ ಕೋಡ್ ಒಂದು ಹೆಜ್ಜೆ ಮಾತ್ರ ಹಿಂದೆ ಹೋಗಿ ನಿಲ್ಲುತ್ತಿತ್ತು. ಅರ್ಘ್ಯ, ಸಾಮರ್ಥ್ಯ, ಎಲ್ಲ ಮುರಿದು ಬೀಳುತ್ತಿದ್ದವು. ಕೋಡ್ ಓದಿದ ಗೆಳೆಯರ ಕಣ್ಣಿಗೆ ಇದು ಬಿದ್ದಿರಲಿಲ್ಲ. ಹಿಡಿದುಕೊಟ್ಟವರು ದೇವಸ್ಥಾನದ ಆಮಂತ್ರಣ ಹಾಕಿ ನೋಡಿದ ಅಕ್ಕ, ಹಳೆಯ ಯಕ್ಷಗಾನ ಪ್ರಸಂಗದ ಪ್ರತಿ ಹಾಕಿ ನೋಡಿದ ಅದೇ 200 ರೂಪಾಯಿ ಮೇಷ್ಟ್ರು.

‘ಇನ್‌ಸ್ಟಾಲ್ ಮಾಡುವ ಕಮಾಂಡ್ ಎಲ್ಲಿ ಹೋಯಿತು?’ ಎಂದು ಮಂಗಳೂರಿನ ಒಬ್ಬ ಡೆವಲಪರ್ ಗೆಳೆಯ ಗೊಣಗಿದ. ಪುಟದ ತಳದಲ್ಲಿ ‘ಕೋಡ್ ಬರೆಯುವವರಿಗೆ’ ಎಂಬ ಕೊಂಡಿ ಇದೆ. ಅವನಂಥವರು ಹೇಗೂ ಹುಡುಕಿಕೊಳ್ಳುತ್ತಾರೆ.

ನೆರವಾದವರ ಪಟ್ಟಿಯಲ್ಲಿ ಕೋಡ್ ಬರೆದವರ ಜೊತೆಗೇ ತಪ್ಪು ತೋರಿಸಿದವರನ್ನೂ ಸೇರಿಸಿದೆ. ಅಕ್ಕನಿಗೆ ಫೋನ್ ಮಾಡಿ ಹೆಸರು ಹಾಕಲೇ ಎಂದು ಕೇಳಿದೆ.

‘ನನ್ನ ಹೆಸ್ರು ಬೇಡ ಮಾರಾಯ್ರೆ. ಅಂಗಡಿ ಹೆಸ್ರು ಹಾಕಿ. ಕೆಳಗೆ ಲ್ಯಾಮಿನೇಶನ್, ಕಲರ್ ಝೆರಾಕ್ಸ್ ಉಂಟು ಅಂತ್ಲೂ ಹಾಕಿ.’

ಹಾಕಿದ್ದೇನೆ.