'ಹಾಲೆಲೂಯ' ಪುಸ್ತಕ ಓದೋದಾದರೆ ಹೆಡ್‌ಫೋನ್ ಪಕ್ಕದಲ್ಲಿರಲಿ

ಸಂಗೀತ ಪತ್ರಕರ್ತ ಅಲನ್ ಲೈಟ್ ಅವರ 'ದಿ ಹೋಲಿ ಆರ್ ದಿ ಬ್ರೋಕನ್' 2012ರಲ್ಲಿ ಬಂತು. ಇಡೀ ಪುಸ್ತಕ ಒಂದೇ ಹಾಡಿನ ಕಥೆ: ಕೆನಡಾದ ಕವಿ, ಹಾಡುಗಾರ ಲಿಯೊನಾರ್ಡ್ ಕೊಹೆನ್ ಬರೆದ 'ಹಾಲೆಲೂಯ'. ನಾನು ಮೊದಲ ಸಲ ಇದನ್ನು ಕಾದಂಬರಿಯ ಹಾಗೆ ಒಂದೇ ಸಮನೆ ಓದಿ ಮುಗಿಸಿದೆ. ಹಾಡಿದವರ ಹೆಸರೆಲ್ಲ ಕಲಸಿಹೋಯಿತು. ಎರಡನೇ ಸಲ ಓದುತ್ತಾ, ಕೇಳುತ್ತಾ ಹೋದಾಗಲೇ ಪುಸ್ತಕ ಕೈಗೆ ಸಿಕ್ಕಿದ್ದು.

ಮೊದಲು 1984ರ ಕೊಹೆನ್ ರೆಕಾರ್ಡಿಂಗ್ ಕೇಳಿ. ನಮ್ಮಲ್ಲಿ ಜಾಸ್ತಿ ಜನ ಅಮೆರಿಕದ ಗಾಯಕ ಜೆಫ್ ಬಕ್ಲಿ ಆಮೇಲೆ ಹಾಡಿದ್ದನ್ನೇ ಮೂಲ ಅಂದುಕೊಂಡಿರುತ್ತೇವೆ, ಅಲ್ವಾ? ಕೊಹೆನ್‌ರ ಮೂಲದಲ್ಲಿ ಸಿಂಥಸೈಜರ್ ಇದೆ, ಹಿಂದೆ ಕೋರಸ್ ಇದೆ, ಮಧ್ಯೆ ಮಾತಾಡಿದಂತೆ ಹಾಡುವ ದಪ್ಪ ದನಿ. ಆ ಹಾಡಿದ್ದ ಆಲ್ಬಮ್ಮನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಕೊಲಂಬಿಯಾ ರೆಕಾರ್ಡ್ ಕಂಪನಿ ಒಪ್ಪಲಿಲ್ಲ.

ಗಿಟಾರ್ ಇದ್ದರೆ ಇಲ್ಲೊಂದು ಐದು ನಿಮಿಷ ನಿಲ್ಲಿ. ಮೊದಲ ಚರಣದಲ್ಲಿ ನಾಲ್ಕನೆಯದು, ಐದನೆಯದು, ಇಳಿಯುವ ಮೈನರ್, ಏರುವ ಮೇಜರ್ ಎಂದು ಬರುತ್ತದಲ್ಲ, ಆ ಮಾತುಗಳ ಕೆಳಗೆ ನುಡಿಯುವ ಕಾರ್ಡ್‌ಗಳೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಅವೇ. ಸಿ ಮೇಜರ್‌ನಲ್ಲಿ ನುಡಿಸಿದರೆ, ಸಿ ಸ್ವರದಿಂದ ಎಣಿಸಿ ನಾಲ್ಕನೆಯ ಎಫ್, ಐದನೆಯ ಜಿ, ಎ ಮೈನರ್, ಮತ್ತೆ ಎಫ್. ಬೆರಳಿಗೆ ಇದು ಗೊತ್ತಾದಾಗ ಮೈ ಜುಮ್ಮೆನ್ನುತ್ತದೆ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಯಾರು ಯಾವ ಚರಣ ಹಾಡಿದರು ಎಂದು ಬರೆಯುತ್ತಾ ಹೋಗಿ. ಇದು ಬಹಳ ಮುಖ್ಯ. ಕೊಹೆನ್ ಹತ್ತಾರು ಚರಣ ಬರೆದು 1984ರಲ್ಲಿ ನಾಲ್ಕನ್ನು ಮಾತ್ರ ಹಾಡಿದರು. ವೇಲ್ಸ್‌ನ ಸಂಗೀತಗಾರ ಜಾನ್ ಕೇಲ್ ಈ ಹಾಡಿನ ಸಾಹಿತ್ಯ ಕಳಿಸಿ ಎಂದು ಕೊಹೆನ್‌ರನ್ನು ಕೇಳಿದಾಗ ಫ್ಯಾಕ್ಸ್‌ನಲ್ಲಿ 15 ಪುಟ ಬಂತು. 1991ರಲ್ಲಿ ಕೇಲ್ ಮೊದಲ ಎರಡು ಚರಣ ಉಳಿಸಿಕೊಂಡು, ಕೊನೆಯ ಎರಡನ್ನು ಬಿಟ್ಟು, ಬೇರೆ ಮೂರನ್ನು ಸೇರಿಸಿ ಬರೀ ಪಿಯಾನೊ ಜೊತೆ ಹಾಡಿದರು. ಬಕ್ಲಿ ಕಲಿತಿದ್ದು ಅದನ್ನೇ. 1994ರ ಅವರ ರೆಕಾರ್ಡಿಂಗ್ ಒಂದು ನಿಟ್ಟುಸಿರಿನಿಂದ ಶುರುವಾಗುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ಹಾಳೆ ನೋಡಿದರೆ ಗೊತ್ತಾಗುತ್ತದೆ, ಹಾಡಿನ ಕೊನೆಯೇ ಬದಲಾಗಿದೆ. ಕೊಹೆನ್ ಮುಗಿಸಿದ್ದು ನನ್ನ ಕೈಲಾದಷ್ಟು ಮಾಡಿದೆ ಎಂದು ದೇವರ ಮುಂದೆ ನಿಲ್ಲುವ ಚರಣದಲ್ಲಿ. ಕೇಲ್, ಬಕ್ಲಿ ಮುಗಿಸುವುದು ಪ್ರೀತಿ ಮುರಿದುಬಿದ್ದ ನೋವಿನಲ್ಲಿ. ಒಂದು ಪ್ರಾರ್ಥನೆ, ಇನ್ನೊಂದು ವಿರಹ.

ಟಿವಿ, ಸಿನಿಮಾದ ಅಧ್ಯಾಯಗಳನ್ನು ಬೇಗ ಓದಿದರೂ ನಡೆಯುತ್ತದೆ. 2001ರ 'ಶ್ರೆಕ್' ಅನಿಮೇಷನ್ ಚಿತ್ರದೊಳಗೆ ಕೇಲ್ ದನಿ, ಅದರ ಹಾಡುಗಳ ಸಿಡಿಯಲ್ಲಿ ಗಾಯಕ ರೂಫಸ್ ವೇನ್‌ರೈಟ್ ದನಿ. 2008ರ ಕ್ರಿಸ್‌ಮಸ್‌ಗೆ ಬ್ರಿಟನ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇದೇ ಹಾಡು ಮೂರು ಕಡೆ ಇತ್ತು: ಟಿವಿ ಗಾಯನ ಸ್ಪರ್ಧೆ ಗೆದ್ದ ಅಲೆಕ್ಸಾಂಡ್ರಾ ಬರ್ಕ್ 1, ಬಕ್ಲಿ 2, ಬರೆದ ಕೊಹೆನ್ 36.

ಪುಸ್ತಕ ಮುಚ್ಚಿದ ಮೇಲೆ 2008ರ ಲಂಡನ್ ಕಛೇರಿಯ ರೆಕಾರ್ಡಿಂಗ್ ಹಾಕಿ. ಕೊಹೆನ್‌ಗೆ ಆಗ 73 ವರ್ಷ. ಕೇಲ್ ಬಿಟ್ಟಿದ್ದ ಆ ಕೊನೆಯ ಚರಣ ಅಲ್ಲಿ ವಾಪಸ್ ಬರುತ್ತದೆ. ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಜಾಗ ಬಿಟ್ಟಿರಿ.